ಟ್ಯಾಪೆಟ್ ಸೆಟ್ ಮಾಡಿದ್ಮೇಲೂ ಒಂದೇ ಒಂದು ಟಕ್‌ಟಕ್ ಉಳ್ಕೊಂಡಿದೆ (ಆರು ಸಿಲಿಂಡರ್, 12 ವಾಲ್ವ್ ಡೀಸೆಲ್)

ನಾಲ್ಕನೇ ಗೇರ್
ತಲೆ ಕೆಟ್ಟು ಬರೀತಿದೀನಿ, ಯಾರಿಗಾದ್ರೂ ಏನಾದ್ರೂ ಹೊಳೆದ್ರೆ ಹೇಳಿ.

ಇಂಜಿನ್ ಕಮ್ಮಿನ್ಸ್ 5.9, 12 ವಾಲ್ವ್, ಮೆಕ್ಯಾನಿಕಲ್ ಪಂಪಿಂದು. ಗಾಡಿ ನನ್ನ ಕೈಗೆ ಬಂದು ಎರಡು ವರ್ಷ ಆಯ್ತು, ಅದಕ್ಕೂ ಮೊದ್ಲು ಯಾರು ಏನು ಮಾಡಿದ್ರೋ ದೇವರಿಗೇ ಗೊತ್ತು. ಮೂರು ತಿಂಗಳಿಂದ ಐಡ್ಲಿಂಗಲ್ಲಿ ಹೊಲಿಗೆ ಮಷೀನ್ ಥರ ಸದ್ದು. ಟ್ಯಾಪೆಟ್ (ವಾಲ್ವಿಗೂ ಅದನ್ನ ಒತ್ತಿ ತೆರೆಯೋ ರಾಕರ್ ತೋಳಿಗೂ ನಡುವಿನ ಗ್ಯಾಪ್) ಲೂಸ್ ಆಗಿರ್ಬೇಕು ಅಂತ ಭಾನುವಾರ ಮನೆ ಮುಂದೇನೇ ನಿಲ್ಲಿಸ್ಕೊಂಡು ಕೂತೆ.

ಮಾಡಿದ್ದು ಇಷ್ಟು. ರಾತ್ರಿಯೆಲ್ಲ ತಣ್ಣಗಾಗೋಕೆ ಬಿಟ್ಟಿದ್ದೆ. ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿದೆ. ಆರೂ ಕವರ್ ಒರೆಸಿ ತೆಗೆದೆ. ಒಂದನೇ ಸಿಲಿಂಡರನ್ನ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ) ತಂದು ಪುಲ್ಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಲ್ಲಿ ಇನ್‌ಲೆಟ್ (ಗಾಳಿ ಒಳಗೆ ಬಿಡೋ ವಾಲ್ವ್) 1, 2, 4 ಮತ್ತೆ ಎಕ್ಸಾಸ್ಟ್ (ಹೊಗೆ ಆಚೆ ಬಿಡೋದು) 1, 3, 5ರ ಗ್ಯಾಪ್ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡ್ಕೊಂಡೆ. ಪುಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಇನ್‌ಲೆಟ್ 3, 5, 6, ಎಕ್ಸಾಸ್ಟ್ 2, 4, 6. ಇರ್ಬೇಕಾದ ಗ್ಯಾಪ್ ಇನ್‌ಲೆಟ್‌ಗೆ 0.25 ಮಿ.ಮೀ., ಎಕ್ಸಾಸ್ಟ್‌ಗೆ 0.50. ಐದನೇ ಇನ್‌ಲೆಟ್ 0.35 ಆಗೋಗಿತ್ತು, ಎರಡನೇ ಎಕ್ಸಾಸ್ಟ್ 0.60 ದಾಟಿತ್ತು. ಅವೆರಡನ್ನ ಸರಿ ಮಾಡಿದೆ. ಉಳಿದ ಹತ್ತೂ ಅಳತೆಗೆ ಸರಿಯಾಗೇ ಇದ್ವು, ಮುಟ್ಟಲಿಲ್ಲ.

ಸ್ಟಾರ್ಟ್ ಮಾಡಿದ್ರೆ ಗಲಾಟೆ ಅರ್ಧಕ್ಕರ್ಧ ಇಳಿದಿದೆ. ಆದ್ರೆ ಹಿಂದಿನ ಅರ್ಧದಿಂದ ಒಂದೇ ಒಂದು ಟಕ್ ಟಕ್ ಹಾಗೇ ಇದೆ. ಬಿಸಿ ಆದ್ಮೇಲೂ ಹೋಗಲ್ಲ. ಮಾರನೇ ದಿನ ಮತ್ತೆ ಬಿಚ್ಚಿ ಅಳೆದೆ, ಹನ್ನೆರಡೂ ಸರಿ. ಗೇಜ್ ಸರಿ ಇದೆ ಅಂತಿದೆ, ಕಿವಿ ಇಲ್ಲ ಅಂತಿದೆ. ಯಾವ್ದನ್ನ ನಂಬ್ಲಿ?

ಡೀಸೆಲ್ ಮಾವ
ಡೀಸೆಲ್ ಇಂಜಿನ್ ಪಕ್ಕ ನಿಂತ್ಕೊಂಡು ಸದ್ದು ಬರ್ತಿದೆ ಅಂದ್ರೆ ಹೇಗಪ್ಪ. ಓಡಿಸು.

ಹನ್ನೆರಡು ವಾಲ್ವ್
ಮಾವ, ಸದ್ದು ಅರ್ಧ ಇಳಿದು ಒಂದು ಮಾತ್ರ ಉಳಿದಿದೆ ಅಂದ್ರೆ ಅದು ಸುಮ್ನೆ ಡೀಸೆಲ್ ಸದ್ದಲ್ಲ.

@ನಾಲ್ಕನೇ ಗೇರ್, ಮೊದಲ ಪ್ರಶ್ನೆ. ಟಿಡಿಸಿ ಸರಿಯಾದ ಟಿಡಿಸಿನಾ? ಪಿಸ್ಟನ್ ಎರಡು ಸಲ ಮೇಲಕ್ಕೆ ಬರತ್ತೆ, ಒಂದು ಸಲ ಕಂಪ್ರೆಶನ್‌ಗೆ, ಇನ್ನೊಂದು ಸಲ ಹೊಗೆ ಆಚೆ ನೂಕೋಕೆ. ಪುಲ್ಲಿ ಮೇಲಿನ ಗುರುತಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಒಂದನೇ ಸಿಲಿಂಡರಿನ ಎರಡೂ ರಾಕರ್ ಬೆರಳಲ್ಲಿ ಹಿಡಿದು ಅಲ್ಲಾಡಿಸಿದ್ರೆ ಎರಡೂ ಟಿಕ್ ಟಿಕ್ ಅಂತ ಆಡ್ಬೇಕು. ಅದೇ ಹೊತ್ತಿಗೆ ಆರನೇದ್ರಲ್ಲಿ ಎಕ್ಸಾಸ್ಟ್ ಮುಚ್ಚಿಕೊಳ್ತಾ ಇನ್‌ಲೆಟ್ ತೆರೀತಾ ಇರ್ಬೇಕು. ಪುಲ್ಲೀನ ಚೂರೇ ಚೂರು ಆ ಕಡೆ ಈ ಕಡೆ ಮಾಡಿದ್ರೆ ಆರನೇದರ ಎರಡು ರಾಕರ್‌ಗಳೂ ತಕ್ಕಡಿ ಥರ ತೂಗತ್ತೆ. ಒಂದನೇದು ತೂಗಿ ಆರನೇದು ಸಡಿಲ ಇದ್ರೆ ನೀನು ಒಂದು ಸುತ್ತು ತಪ್ಪಿದೀಯ ಅಂತ ಅರ್ಥ.

ಜೋಡಿ ನೆನಪಿಡೋದು ಸುಲಭ, ಕೂಡಿದ್ರೆ ಏಳು ಬರ್ಬೇಕು: 1-6, 2-5, 3-4. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯೋ ಸರದಿ) 1-5-3-6-2-4 ಇರೋ ನೇರ ಆರು ಸಿಲಿಂಡರ್‌ಗೆ ಇದು ಸರಿ. ವಿ ಆಕಾರದ ಇಂಜಿನ್‌ಗೆ ಈ ಲೆಕ್ಕ ತಗೊಂಡು ಹೋಗ್ಬೇಡಿ.

ನಾಲ್ಕನೇ ಗೇರ್
ನೋಡಿದ್ದೆ ಅಣ್ಣ. ಒಂದನೇದು ಎರಡೂ ಸಡಿಲ, ಆರನೇದು ತೂಗ್ತಾ ಇತ್ತು. ಟೈಮಿಂಗ್ ಪಿನ್ (ಟಿಡಿಸಿ ಸಿಕ್ಕಾಗ ಗೇರಿನ ತೂತಿಗೆ ಕೂರೋ ಪಿನ್) ಕೂಡ ಒತ್ತಿದಾಗ ಒಳಕ್ಕೆ ಕೂತ್ಕೊಂಡ್ತು. ಟಿಡಿಸಿ ತಪ್ಪಿದ್ರೆ ಇಷ್ಟು ಸಣ್ಣ ಸದ್ದಲ್ಲ, ಇಂಜಿನ್ ಕೂಗಾಡ್ತಿತ್ತು ಅನ್ಕೋತೀನಿ.

ಗ್ರೀಸ್ ಕೈ
ಆ ಪಿನ್ ಹೊರಗ ಎಳದಿ ಹೌದಲ್ಲೋ ತಮ್ಮಾ? ನಂದೊಂದು ಕಥಿ ಕೇಳ್ರಿ. ಪಂಪಿನ ಕೆಳಗ, ಗೇರ್ ಕೇಸಿನ ಹಿಂದ ಇರ್ತದ ಅದು. ಕಣ್ಣಿಗೆ ಕಾಣಂಗಿಲ್ಲ, ಬೆರಳಿಗೆ ಸಿಗಬೇಕು. ಒತ್ತಿ ಹಿಡದು ಟಿಡಿಸಿ ಹುಡುಕಿದೆ, ಸಿಕ್ತು, ಖುಷಿ ಆತು. ಖುಷಿ ಒಳಗ ಪಿನ್ ಹಿಂದ ಎಳಿಯೋದು ಮರತು ಇಂಜಿನ್ ತಿರುವಿದೆ. ಕಟಕ್ ಅಂತು. ಪ್ಲಾಸ್ಟಿಕ್ ಪಿನ್ರಿ ಅದು, ಏನ್ ತಡೀತದ? ಆ ದಿವಸದಿಂದ ಪಿನ್ ಒತ್ತಿದ ಕೂಡ್ಲೆ ಒಂದ್ ಕೆಂಪು ಬಟ್ಟಿ ಸ್ಟೇರಿಂಗಿಗೆ ಕಟ್ತೀನಿ. ಪಿನ್ ಎಳದ ಮ್ಯಾಲೇನ ಬಟ್ಟಿ ಬಿಚ್ಚೋದು.

ನಾಲ್ಕನೇ ಗೇರ್
ಎಳೆದಿದೀನಿ 😅 ನಿಮ್ಮ ಕಥೆ ಓದಿ ಮತ್ತೆ ಕೆಳಗೆ ತೂರಿ ಮುಟ್ಟಿ ನೋಡ್ಕೊಂಡು ಬಂದೆ.

ಪಾನಾ ಪುರಾಣ
ತಣ್ಣಗಿರೋ ಇಂಜಿನ್‌ಗೆ ಟ್ಯಾಪೆಟ್ ಸೆಟ್ ಮಾಡಿದ್ದೇ ತಪ್ಪು. ಇಂಜಿನ್ ಕೆಲಸ ಮಾಡೋದು ಬಿಸಿಯಲ್ಲಿ ತಾನೇ? ಬಿಸಿಯಲ್ಲೇ ನೋಡ್ಬೇಕು. ನಮ್ಮ ಮೇಸ್ತ್ರಿ ಇಂಜಿನ್ ಓಡ್ತಿರುವಾಗಲೇ ಸೆಟ್ ಮಾಡೋರು, ಗೇಜೂ ಇಲ್ಲ ಏನೂ ಇಲ್ಲ. ಸ್ಕ್ರೂ ಮುಟ್ಟೋವರೆಗೆ ತಿರುವು, ಆಮೇಲೆ ಕಾಲು ಸುತ್ತು ಬಿಚ್ಚು, ನಟ್ ಬಿಗಿ. ಮುಗೀತು. ಈಗ ಎಲ್ಲರೂ ಇಂಜಿನಿಯರ್‌ಗಳು.

ಹನ್ನೆರಡು ವಾಲ್ವ್
ಯಾವ ಇಂಜಿನ್‌ಗೆ ಯಾವ ಸ್ಥಿತಿಯಲ್ಲಿ ಅಂತ ತಯಾರಿಸಿದವರು ಬರೆದಿರ್ತಾರಲ್ಲ. ಇದಕ್ಕೆ ಕೊಟ್ಟಿರೋ 0.25, 0.50 ತಣ್ಣಗಿರುವಾಗಿನ ಅಳತೆ. ಕೂಲೆಂಟ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರ್ಬೇಕು. ಬಿಸಿಯಲ್ಲಿ ಇದೇ ಅಳತೆ ಹಾಕಿದ್ರೆ ಅದು ಬೇರೆಯೇ ಸೆಟ್ಟಿಂಗ್ ಆಗತ್ತೆ. ಬಿಸಿ ಅಳತೆ ಕೊಟ್ಟಿರೋ ಇಂಜಿನ್‌ಗಳೂ ಇದಾವೆ, ಅವಕ್ಕೆ ಬಿಸಿಯಲ್ಲೇ ಮಾಡಿ, ಬೇಡ ಅಂದವರು ಯಾರು.

ಓಡ್ತಿರೋ ಇಂಜಿನ್ ಮೇಲೆ ಲಾಕ್‌ನಟ್‌ಗೆ (ಗ್ಯಾಪ್ ಸೆಟ್ ಮಾಡೋ ಸ್ಕ್ರೂ ಅಲುಗದ ಹಾಗೆ ಹಿಡಿಯೋ ನಟ್) ಪಾನಾ ಹಾಕೋದು ಮಾತ್ರ ದಯವಿಟ್ಟು ಮನೆಯಲ್ಲಿ ಮಾಡ್ಬೇಡಿ. ಮೇಸ್ತ್ರಿಗೆ ಕೈ ಇತ್ತು. ನಮಗೆ ಇರೋದು ಬೆರಳು.

ಸುಮ್ನೆ ಓದುಗ
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ಗ್ಯಾಪ್ ಇದ್ರೆ ತಾನೇ ಸದ್ದು? ಪೂರ್ತಿ ಟೈಟ್ ಮಾಡಿಬಿಟ್ರೆ ಸದ್ದೇ ಇರಲ್ವಲ್ಲ. ಮತ್ತೆ ಎಕ್ಸಾಸ್ಟ್‌ಗೆ ಯಾಕೆ ಡಬಲ್ ಗ್ಯಾಪ್?

ರಾತ್ರಿ ಪಾಳಿ
ಸದ್ದು ಇರಲ್ಲ. ಸ್ವಲ್ಪ ದಿನ ಆದ್ಮೇಲೆ ಇಂಜಿನ್ನೂ ಇರಲ್ಲ.

ಬಿಸಿ ಆದಾಗ ವಾಲ್ವ್ ಉದ್ದ ಆಗತ್ತೆ. ಗ್ಯಾಪ್ ಇಲ್ಲದಿದ್ರೆ ಆ ಉದ್ದ ಹೋಗೋದೆಲ್ಲಿಗೆ? ಒಂದು ಕಡೆ ರಾಕರ್ ಹಿಡ್ಕೊಂಡಿದೆ, ಹಾಗಾಗಿ ಇನ್ನೊಂದು ತುದಿ ಸೀಟ್ ಬಿಟ್ಟು ಏಳತ್ತೆ. ಕೂದಲೆಳೆಯಷ್ಟು ಎದ್ರೂ ಸಾಕು. ವಾಲ್ವ್ ತಲೆಯ ಬಿಸಿ ಬಹುಪಾಲು ಇಳಿದು ಹೋಗೋದೇ ಸೀಟ್ ಮೂಲಕ, ಮುಚ್ಚಿಕೊಂಡು ಕೂತಿರೋ ಹೊತ್ತಲ್ಲಿ. ಸೀಟಿಗೆ ಸರಿಯಾಗಿ ಕೂರದಿದ್ರೆ ಬಿಸಿ ಇಳಿಯಲ್ಲ, ಆ ಸಂದಿಯಿಂದ ಬೆಂಕಿ ಗಾಳಿ ನುಗ್ಗಿ ಅಂಚು ಸುಟ್ಟು ಹೋಗತ್ತೆ. ಇನ್‌ಲೆಟ್‌ಗೆ ಪ್ರತಿ ಸಲ ತಣ್ಣನೆ ಗಾಳಿ ಸಿಗತ್ತೆ. ಎಕ್ಸಾಸ್ಟ್‌ಗೆ ಸಿಗೋದು ಉರಿದ ಗ್ಯಾಸ್ ಮಾತ್ರ. ಅದು ಹೆಚ್ಚು ಕಾಯತ್ತೆ, ಹೆಚ್ಚು ಉದ್ದ ಆಗತ್ತೆ, ಅದಕ್ಕೇ ಹೆಚ್ಚು ಗ್ಯಾಪ್.

ನಾನೇ ಒಂದು ಸುಟ್ಟಿದೀನಿ. ಬಹಳ ವರ್ಷದ ಹಿಂದೆ, ಬೇರೆ ಇಂಜಿನ್. ಸದ್ದಿಲ್ಲದ ಇಂಜಿನ್ ಮಾಡ್ತೀನಿ ಅಂತ ಎಲ್ಲಾ ಎಕ್ಸಾಸ್ಟೂ ಒಂದು ಎಲೆ ಕಮ್ಮಿ ಇಟ್ಟೆ. ಎರಡು ತಿಂಗಳು ಹೊಗಳಿಸ್ಕೊಂಡೆ. ಆಮೇಲೆ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬಿಳಿ ಹೊಗೆ, ಒಂದು ಸಿಲಿಂಡರ್ ಮಿಸ್ಸಿಂಗ್. ಹೆಡ್ ಇಳಿಸಿದ್ರೆ ಎಕ್ಸಾಸ್ಟ್ ವಾಲ್ವಿನ ಅಂಚಲ್ಲಿ ಒಂದು ತುಂಡು ಇಲಿ ಕಚ್ಚಿದ ಹಾಗೆ ಹೋಗಿತ್ತು.

ಸುಮ್ನೆ ಓದುಗ
ಅಯ್ಯೋ. ಸರಿ, ಗ್ಯಾಪ್‌ಗೆ ಜೈ.

ಕ್ಯಾಲಿಪರ್
ಸಣ್ಣ ತಿದ್ದುಪಡಿ. ಸ್ವಲ್ಪ ಲೂಸ್ ಇರೋದು ಸ್ವಲ್ಪ ಟೈಟ್ ಇರೋದಕ್ಕಿಂತ ವಾಸಿ ಅನ್ನೋದು ನಿಜ, ಆದ್ರೆ ಹಾಗಂತ ಲೂಸ್ ಬಿಡ್ಬೇಡಿ. ಗ್ಯಾಪ್ ಜಾಸ್ತಿ ಆದ್ರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚತ್ತೆ, ಅದೂ ಕ್ಯಾಮಿನ (ವಾಲ್ವ್ ತೆರೆಸೋ ಉಬ್ಬುಗಳಿರೋ ದಂಡ) ಇಳಿಜಾರಿನ ಮೇಲೆ ನಿಧಾನಕ್ಕೆ ಕೂರೋ ಬದಲು ಬಡಿದುಕೊಂಡು ಕೂರತ್ತೆ. ಇನ್ನೊಂದು ವಿಷಯ, ಗ್ಯಾಪ್ ಯಾವ ದಿಕ್ಕಿಗೆ ಬದಲಾಗಿದೆ ಅನ್ನೋದನ್ನ ಬರೆದಿಟ್ಕೊಳ್ಳಿ. ಕಮ್ಮಿ ಆಗ್ತಾ ಬಂದ್ರೆ ವಾಲ್ವ್ ಸೀಟಿನೊಳಗೆ ಇಳೀತಿದೆ. ಜಾಸ್ತಿ ಆಗ್ತಾ ಬಂದ್ರೆ ರಾಕರ್, ಅದನ್ನ ಕೆಳಗಿಂದ ತಳ್ಳೋ ಪುಶ್‌ರಾಡ್, ಕ್ಯಾಮ್ ಮೇಲೆ ಕೂರೋ ಟ್ಯಾಪೆಟ್ ತುಂಡು, ಕ್ಯಾಮ್, ಇವುಗಳಲ್ಲಿ ಎಲ್ಲೋ ಸವೀತಿದೆ. ಪದೇ ಪದೇ ಒಂದೇ ವಾಲ್ವ್ ಲೂಸ್ ಆಗ್ತಿದ್ರೆ ಅದು ಸೆಟ್ಟಿಂಗ್ ಸಮಸ್ಯೆ ಅಲ್ಲವೇ ಅಲ್ಲ.

ಆಯಿಲ್ ಸೋರಿಕೆ
ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗಿರತ್ತೆ. ಹೊಸಬರು ಮಾಡೋ ತಪ್ಪು ಇದೇ. ನಟ್ ಬಿಗಿ ಮಾಡಿದ್ಮೇಲೆ ಮತ್ತೆ ಗೇಜ್ ಹಾಕಿ ನೋಡಿದ್ರಾ?

ನಾಲ್ಕನೇ ಗೇರ್
ನೋಡಿದೆ. ಲಾಕ್‌ನಟ್ 24 ನ್ಯೂಟನ್ ಮೀಟರ್‌ಗೆ ಟಾರ್ಕ್ ಮಾಡಿ ಮತ್ತೆ ಎರಡು ಎಲೆ ಹಾಕಿ ನೋಡಿದೆ. 0.50 ಹೋಗ್ಬೇಕು, 0.55 ಹೋಗ್ಬಾರ್ದು. ಎಳೆತ ಅಂದ್ರೆ ಎಷ್ಟು ಎಳೆತ ಅನ್ನೋದು ಯಾರಿಗೂ ಗೊತ್ತಿಲ್ಲ ಅಂತ ನನಗೆ ಮೊದಲೇ ಅನ್ಸಿತ್ತು, ಅದಕ್ಕೇ ಈ ಎರಡೆಲೆ ಲೆಕ್ಕ.

ಆಯಿಲ್ ಸೋರಿಕೆ
ಭೇಷ್. ಹಾಗಾದ್ರೆ ನನ್ನ ಹತ್ರ ಬೇರೆ ಏನೂ ಇಲ್ಲ. ಕವರ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಬಳೀಬೇಡಿ, ಅದು ರಬ್ಬರ್ ಗ್ಯಾಸ್ಕೆಟ್, ಒಣಗಿದ್ದೇ ಚೆನ್ನ. (ನನ್ನ ಹೆಸರು ನೋಡಿ ನಗಬೇಡಿ.)

ಡೀಸೆಲ್ ಮಾವ
ಟಾರ್ಕ್ ವ್ರೆಂಚ್ ಹಿಡ್ಕೊಂಡು ಟ್ಯಾಪೆಟ್ ಸೆಟ್ ಮಾಡೋ ಕಾಲ ಬಂತಲ್ಲಪ್ಪ.

ಸರಿ, ಕೆಲಸದ ಮಾತು ಹೇಳ್ತೀನಿ ಕೇಳು. ಟ್ಯಾಪೆಟ್ ಸದ್ದು ಇಂಜಿನ್ ಸ್ಪೀಡಿನ ಅರ್ಧಕ್ಕೆ ಬರತ್ತೆ. ಕ್ಯಾಮ್ ತಿರುಗೋದು ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ. ಐಡ್ಲಿಂಗ್ 750 ಇದ್ರೆ ಒಂದು ವಾಲ್ವ್ ನಿಮಿಷಕ್ಕೆ 375 ಸಲ, ಅಂದ್ರೆ ಸೆಕೆಂಡಿಗೆ ಆರು ಚಿಲ್ಲರೆ. ಅಷ್ಟೇ ಲಯದಲ್ಲಿ ಟಕ್ ಟಕ್ ಬಂದ್ರೆ ಅದು ಟ್ಯಾಪೆಟ್ಟೇ. ಕಣ್ಮುಚ್ಚಿ ಹೇಳ್ತೀನಿ.

ಕ್ಯಾಲಿಪರ್
ಮಾವ, ಒಂದು ಸಿಲಿಂಡರ್ ಫೈರ್ ಆಗೋದೂ ಎರಡು ಸುತ್ತಿಗೆ ಒಂದು ಸಲವೇ. ಇಂಜೆಕ್ಟರ್ ಕೆಟ್ಟು ಒಂದೇ ಸಿಲಿಂಡರ್ ನಾಕ್ ಮಾಡಿದ್ರೂ ಇದೇ ಲಯ ಬರತ್ತೆ. ಎಣಿಸಿ ಹೇಳೋದಾದ್ರೆ ‘ಕ್ಯಾಮ್ ಸ್ಪೀಡಲ್ಲಿ ಬರೋ ಸದ್ದು’ ಅಂತ ಹೇಳ್ಬಹುದು, ಟ್ಯಾಪೆಟ್ ಅಂತ ಹೇಳೋಕಾಗಲ್ಲ.

ಡೀಸೆಲ್ ಮಾವ
ಕಣ್ಣು ತೆಗೆದೆ ಬಿಡು.

ರಾತ್ರಿ ಪಾಳಿ
ಇಂಜೆಕ್ಟರ್ ಹೌದೋ ಅಲ್ವೋ ಅಂತ ಬೇರೆ ಮಾಡೋದು ಸುಲಭ. ಮೆಕ್ಯಾನಿಕಲ್ ಪಂಪ್ ಆಗಿರೋದ್ರಿಂದ ಐಡ್ಲಿಂಗಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಬಟ್ಟೆ ಮುಚ್ಚಿ ಸ್ವಲ್ಪ ಸಡಿಲ ಮಾಡು. ಆ ಸಿಲಿಂಡರ್ ಸತ್ತಾಗ ಸದ್ದೂ ಸತ್ರೆ ಇಂಧನದ ಕಡೆ ನೋಡು. ಸದ್ದು ಹಾಗೇ ಇದ್ರೆ ಮೇಲ್ಗಡೆ ಕಬ್ಬಿಣ ಕಬ್ಬಿಣ ಬಡೀತಿದೆ. ಕನ್ನಡಕ, ಕೈಗವಸು ಬೇಕೇ ಬೇಕು, ಸೋರೋ ಜಾಗಕ್ಕೆ ಬೆರಳು ಹಿಡೀಬಾರ್ದು.

ಕಾಮನ್ ರೈಲ್ ಇಂಜಿನ್ (ಎಲ್ಲಾ ಇಂಜೆಕ್ಟರ್‌ಗೂ ಭಾರೀ ಒತ್ತಡದ ಒಂದೇ ಪೈಪಿಂದ ಡೀಸೆಲ್ ಹೋಗೋದು) ಇರೋರು ಇದನ್ನ ಓದಿ ಪಾನಾ ಎತ್ಕೋಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟಬಹುದು, ಡೀಸೆಲ್ ಚರ್ಮದೊಳಗೇ ತೂರಿ ಹೋಗತ್ತೆ. ಅದು ಬ್ಯಾಂಡೇಜ್ ಹಾಕೋ ಗಾಯ ಅಲ್ಲ, ಆಪರೇಷನ್ ಆಗೋ ಗಾಯ.

ಗ್ರೀಸ್ ಕೈ
ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ರೂ ಥೇಟ್ ಟ್ಯಾಪೆಟ್ಟಿನ ಹಂಗs ಟಕ್ ಟಕ್ ಅಂತದ ನೋಡ್ರಿ. ನಾ ಮೂರು ಸಲ ಟ್ಯಾಪೆಟ್ ಬಿಚ್ಚಿ ಮೂರು ಸಲ ಬೈಸ್ಕೊಂಡೇನಿ. ಲೀಕ್ ಇದ್ದಲ್ಲೆ ಕಪ್ಪು ಮಸಿ ಹಿಡದಿರ್ತದ, ಕೈದೀಪ ಹಿಡದು ನೋಡು. ಬಿಸಿ ಆದಾಗ ಕಬ್ಬಿಣ ಹಿಗ್ಗಿ ಎಷ್ಟೋ ಸಲ ಸದ್ದು ಕಮ್ಮಿನೂ ಆಗ್ತದ.

ನಾಲ್ಕನೇ ಗೇರ್
ಇವತ್ತು ಸಂಜೆ ಎರಡೂ ನೋಡಿದೆ.

ಮ್ಯಾನಿಫೋಲ್ಡ್ ಸುತ್ತ ಮಸಿ ಇಲ್ಲ. ಇಂಜೆಕ್ಟರ್ ಪೈಪ್ ಒಂದೊಂದೇ ಸಡಿಲ ಮಾಡಿದೆ, ಆರಕ್ಕೆ ಆರೂ ಸಲ ಇಂಜಿನ್ ಕುಂಟಿತು, ಟಕ್ ಟಕ್ ಮಾತ್ರ ಕದಲಲಿಲ್ಲ. ಉದ್ದನೆ ಸ್ಕ್ರೂಡ್ರೈವರ್ ಹಿಡಿ ಕಿವಿ ಹಿಂದಿನ ಮೂಳೆಗೆ ಒತ್ತಿ, ತುದೀನ ಒಂದೊಂದು ಕವರ್ ಬೋಲ್ಟ್ ಮೇಲಿಟ್ಟು ಕೇಳಿದೆ. ನಾಲ್ಕನೇದ್ರ ಮೇಲೆ ಇಟ್ಟಾಗ ತಲೆಯೊಳಗೇ ಸುತ್ತಿಗೆ ಬಡಿದ ಹಾಗಾಯ್ತು. ಮೂರು, ಐದರಲ್ಲಿ ಅದೇ ಸದ್ದು ದೂರದಿಂದ ಕೇಳಿದ ಹಾಗೆ.

ತಮಾಷೆ ಏನು ಗೊತ್ತಾ? ನಾಲ್ಕನೇದು ಎರಡೂ ನಾನು ಮುಟ್ಟಿರಲೇ ಇಲ್ಲ. ಎಕ್ಸಾಸ್ಟ್ ಕರೆಕ್ಟಾಗಿ 0.50, ಇನ್‌ಲೆಟ್ 0.25.

ಪಾನಾ ಪುರಾಣ
ನಾ ಮೊದ್ಲೇ ಹೇಳ್ದೆ. ಗೇಜ್ ನಂಬ್ಕೊಂಡು ಕೂತ್ರೆ ಹೀಗೇ.

ಹನ್ನೆರಡು ವಾಲ್ವ್
ಹೇಳಿದ್ದು ಕಾಲು ಸುತ್ತಿನ ಕಥೆ ಅಲ್ವಾ? ಕಾಲು ಸುತ್ತಿಗೆ ಎಷ್ಟು ಗ್ಯಾಪ್ ಬರತ್ತೆ ಅನ್ನೋದು ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯೋ ದೂರ) ಮೇಲೆ ಹೋಗತ್ತೆ. 1 ಮಿ.ಮೀ. ಪಿಚ್ ಇದ್ರೆ ಕಾಲು ಸುತ್ತಿಗೆ 0.25. ಅದೂ ಸ್ಕ್ರೂ ಇರೋ ಕಡೆ. ಇದ್ರಲ್ಲಿ ಸ್ಕ್ರೂ ಇರೋದು ಪುಶ್‌ರಾಡ್ ಕಡೆ, ವಾಲ್ವ್ ಇರೋದು ರಾಕರಿನ ಇನ್ನೊಂದು ತುದೀಲಿ, ಆ ತೋಳು ಉದ್ದ. ಅಲ್ಲಿ ಬರೋ ಗ್ಯಾಪ್ ಇನ್ನೂ ಜಾಸ್ತಿ. ಪಿಚ್ಚೂ ಗೊತ್ತಿಲ್ಲ, ರಾಕರ್ ರೇಶಿಯೋನೂ (ಎರಡು ತೋಳಿನ ಉದ್ದದ ಅನುಪಾತ) ಗೊತ್ತಿಲ್ಲ ಅಂದ್ರೆ ಕಾಲು ಸುತ್ತು ಅನ್ನೋದು ಬರೀ ಹರಕೆ.

ಕ್ಯಾಲಿಪರ್
ಜಗಳ ಸ್ವಲ್ಪ ನಿಲ್ಲಿಸಿ, ಪುರಾಣ ಅಣ್ಣನ ಮಾತಲ್ಲಿ ಅರ್ಧ ಸತ್ಯ ಇದೆ.

@ನಾಲ್ಕನೇ ಗೇರ್, ನಾಲ್ಕನೇ ಎಕ್ಸಾಸ್ಟ್ ರಾಕರಿನ ಮೂತಿ ನೋಡಿದೀರಾ? ಮೂತಿ ಅಂದ್ರೆ ವಾಲ್ವ್ ತುದೀನ ಒತ್ತೋ ಜಾಗ. ಬಹಳ ಓಡಿದ ಇಂಜಿನ್‌ನಲ್ಲಿ, ಅದೂ ಎಣ್ಣೆ ಕಮ್ಮಿ ಸಿಕ್ಕಿದ್ರೆ, ಅಲ್ಲಿ ವಾಲ್ವ್ ತುದಿಯಷ್ಟೇ ಅಗಲಕ್ಕೆ ಒಂದು ತಗ್ಗು ಬೀಳತ್ತೆ. ವಾಲ್ವ್ ಕಡ್ಡಿ ಸುಮಾರು 8 ಮಿ.ಮೀ. ದಪ್ಪ. ನಿಮ್ಮ ಫೀಲರ್ ಗೇಜಿನ ಎಲೆ ಅದಕ್ಕಿಂತ ಅಗಲ. ಗೇಜ್ ಒಳಗೆ ತೂರಿಸಿದಾಗ ಅದು ತಗ್ಗಿನೊಳಗೆ ಇಳಿಯಲ್ಲ, ಎರಡು ದಡದ ಮೇಲೆ ಹಲಗೆ ಹಾಕಿದ ಹಾಗೆ ಅಡ್ಡ ಕೂತ್ಕೊಳತ್ತೆ. ನೀವು ಅಳೆಯೋದು ದಡದಿಂದ ವಾಲ್ವಿಗೆ ಇರೋ ದೂರ. ವಾಲ್ವ್ ಬಡಿಸ್ಕೊಳೋದು ತಗ್ಗಿನ ತಳದಿಂದ. ತಗ್ಗು 0.30 ಆಳ ಇದ್ರೆ ಗೇಜ್ 0.50 ಅನ್ನತ್ತೆ, ನಿಜವಾದ ಗ್ಯಾಪ್ 0.80.

ಸ್ಕ್ರೂನ ಕೋನ ನೋಡಿ ಸೆಟ್ ಮಾಡೋ ಪದ್ಧತಿಗೆ ಈ ತಗ್ಗಿನ ಮೋಸ ತಟ್ಟಲ್ಲ, ಯಾಕಂದ್ರೆ ಅದು ಲೋಹ ಲೋಹಕ್ಕೆ ನಿಜವಾಗಿ ಮುಟ್ಟಿದ ಜಾಗದಿಂದ ಎಣಿಸೋಕೆ ಶುರು ಮಾಡತ್ತೆ. ಪಿಚ್ ಮತ್ತೆ ರೇಶಿಯೋ ಗೊತ್ತಿದ್ರೆ ಅದು ಗೇಜಿಗಿಂತ ಪ್ರಾಮಾಣಿಕ. ಆ ಮೇಸ್ತ್ರಿಗೆ ಅದೆರಡೂ ಕೈಯಲ್ಲೇ ಗೊತ್ತಿತ್ತೇನೋ.

ಪಾನಾ ಪುರಾಣ
...ಥ್ಯಾಂಕ್ಸ್. ಇದನ್ನ ಮನೆಯವರಿಗೆ ತೋರಿಸ್ತೀನಿ.

ನಾಲ್ಕನೇ ಗೇರ್
ಇದು ನನ್ನ ತಲೆಗೇ ಹೋಗಿರಲಿಲ್ಲ. ಆದ್ರೆ ತಗ್ಗನ್ನ ಅಳೆಯೋದು ಹೇಗೆ? ರಾಕರ್ ಬಿಚ್ಚದೆ ಮೂತಿ ಕೆಳಭಾಗ ಕಾಣಲ್ಲ.

ಕ್ಯಾಲಿಪರ್
ಡಯಲ್ ಗೇಜ್ ಇದ್ರೆ ಅದೇ ಉತ್ತಮ. ಬುಡದ ಮ್ಯಾಗ್ನೆಟ್ ಗಟ್ಟಿಯಾಗಿ ಕೂರೋ ಜಾಗ ನೋಡಿ ಇಟ್ಟು, ಅಳೆಯೋ ಕಡ್ಡಿಯ ತುದೀನ ರಾಕರಿನ ವಾಲ್ವ್ ಕಡೆಯ ತಲೆ ಮೇಲೆ ನೇರ ವಾಲ್ವ್ ಕಡ್ಡಿ ದಿಕ್ಕಿಗೇ ನಿಲ್ಲಿಸಿ, ರಾಕರನ್ನ ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಮುಳ್ಳು ಎಷ್ಟು ಓಡತ್ತೋ ಅಷ್ಟು ನಿಜವಾದ ಗ್ಯಾಪ್. ಡಯಲ್ ಇಲ್ಲದಿದ್ರೆ ಹಳೇ ಫೀಲರ್ ಎಲೆ ಒಂದನ್ನ ಉದ್ದಕ್ಕೆ ಸೀಳಿ 4-5 ಮಿ.ಮೀ. ಅಗಲದ ಪಟ್ಟಿ ಮಾಡ್ಕೊಳ್ಳಿ, ಅಂಚಿನ ಮುಳ್ಳುಗಳನ್ನ ಎಣ್ಣೆಕಲ್ಲಿನ ಮೇಲೆ ಉಜ್ಜಿ. ಅದು ತಗ್ಗಿನೊಳಗೆ ಇಳಿಯತ್ತೆ.

ಸುಮ್ನೆ ಓದುಗ
ಹೈಡ್ರಾಲಿಕ್ ಲಿಫ್ಟರ್ ಇರೋ ಇಂಜಿನ್‌ಗೆ ಇದ್ಯಾವ ತಲೆನೋವೂ ಇಲ್ಲ ಅಲ್ವಾ? ಎಣ್ಣೆ ಒತ್ತಡವೇ ಗ್ಯಾಪ್ ತುಂಬಿಕೊಳ್ಳತ್ತೆ ಅಂತ ಕೇಳಿದ್ದೆ.

ರಾತ್ರಿ ಪಾಳಿ
ಹೌದು, ಡೀಸೆಲ್‌ಗಳಲ್ಲೂ ಅಂಥವು ಇದಾವೆ. ಸೆಟ್ ಮಾಡೋ ಕೆಲಸ ಇಲ್ಲ. ಅದರ ಬದಲು ಎಣ್ಣೆ ಕೊಳೆ ಆದ್ರೆ ಲಿಫ್ಟರ್ ಅಂಟ್ಕೊಂಡು ಸದ್ದು ಮಾಡತ್ತೆ. ತಲೆನೋವು ಹೋಗಲ್ಲ, ಜಾಗ ಬದಲಾಯಿಸತ್ತೆ ಅಷ್ಟೇ.

ಆಯಿಲ್ ಸೋರಿಕೆ
ಒಂದು ಮಾತು, ವಿಷಯ ಸ್ವಲ್ಪ ಬೇರೆ. ಇಂಜಿನ್ ತಿರುಗಿಸೋಕೆ ಏನು ಬಳಸಿದ್ರಿ? ನಮ್ಮ ಪರಿಚಯದವರೊಬ್ಬರು ಸಹಾಯಕನಿಗೆ ‘ಸ್ವಲ್ಪ ಸೆಲ್ಫ್ ಹೊಡಿ’ ಅಂತ ಹೇಳಿ ರಾಕರ್ ಮೇಲೆ ಕೈ ಇಟ್ಕೊಂಡಿದ್ರು. ಸಹಾಯಕನ ‘ಸ್ವಲ್ಪ’ ಬೇರೆ, ಇವರ ‘ಸ್ವಲ್ಪ’ ಬೇರೆ. ಉಗುರು ಹೋಯ್ತು.

ನಾಲ್ಕನೇ ಗೇರ್
ಬ್ಯಾಟರೀನೇ ಬಿಚ್ಚಿದ್ದೆ. ಫ್ಲೈವೀಲ್ ಹೌಸಿಂಗಿನ ತೂತಿಗೆ ಹಾಕೋ ಬ್ಯಾರಿಂಗ್ ಟೂಲ್ ಎರವಲು ತಂದಿದ್ದೆ, ಅದರ ಹಲ್ಲು ರಿಂಗ್ ಗೇರಿಗೆ ಸಿಗತ್ತೆ. ರ‍್ಯಾಚೆಟ್ ಹಾಕಿ ತಿರುಗಿಸಿದ್ರೆ ಕೂದಲಷ್ಟು ಅಂತ ಹೇಳಿದ್ರೆ ಕೂದಲಷ್ಟೇ ತಿರುಗತ್ತೆ. ಅದಿಲ್ಲದೆ ಇನ್ನೊಂದು ಸಲ ಮಾಡಲ್ಲ.

ಗ್ರೀಸ್ ಕೈ
ಕ್ಯಾಬಿನ್ ಎತ್ತೋ ಗಾಡಿ ಇದ್ರ ಅದರ ಲಾಕ್ ಹಾಕ್ರಪಾ ಮೊದ್ಲ. ಎರಡು ಸಲ ನೋಡ್ರಿ. ಅಷ್ಟs.

ನಾಲ್ಕನೇ ಗೇರ್
ಸಿಕ್ತು!!!

ಡಯಲ್ ಗೇಜ್ ತಂದು ನಾಲ್ಕನೇ ಎಕ್ಸಾಸ್ಟ್ ಮೇಲೆ ಇಟ್ಟೆ. ಕೈ ನಡುಗ್ತಿತ್ತು, ಮೂರು ಸಲ ಮಾಡಿದೆ: 0.76, 0.78, 0.77. ಅದೇ ಜಾಗಕ್ಕೆ ಅಗಲದ ಫೀಲರ್ ಹಾಕಿದ್ರೆ ಈಗಲೂ 0.50 ಸಲೀಸಾಗಿ ಕೂರತ್ತೆ, 0.55 ಹೋಗಲ್ಲ. ಪಕ್ಕದ ಮೂರನೇ ಎಕ್ಸಾಸ್ಟ್‌ಗೆ ಎರಡೂ ಒಂದೇ ಉತ್ತರ ಕೊಟ್ವು, ಡಯಲ್ಲಲ್ಲಿ 0.52.

ಸ್ಕ್ರೂ ಸಡಿಲಿಸಿ, ಪುಶ್‌ರಾಡ್ ಪಕ್ಕಕ್ಕೆ ಸರಿಸಿ, ಸಣ್ಣ ಕನ್ನಡಿ ಹಿಡಿದು ಮೂತಿ ನೋಡಿದೆ. ಉಗುರಲ್ಲಿ ಸವರಿದ್ರೆ ಸ್ಪಷ್ಟವಾಗಿ ಅಂಚು ಸಿಗತ್ತೆ, ಹೆಬ್ಬೆರಳಿನ ಉಗುರು ಒಳಕ್ಕೆ ಇಳಿದು ಆ ಕಡೆ ದಡಕ್ಕೆ ತಗುಲಿ ನಿಲ್ಲತ್ತೆ. ತಗ್ಗಿನ ತಳ ಕನ್ನಡಿ ಥರ ಹೊಳೀತಿದೆ. ಇಷ್ಟು ದಿನ ಈ ಹೊಳಪಿನ ಮೇಲೆ ಗೇಜ್ ಸೇತುವೆ ಕಟ್ಕೊಂಡು ಕೂತಿತ್ತು.

ಈಗ ಡಯಲ್ ನೋಡ್ಕೊಂಡೇ 0.50ಗೆ ಸೆಟ್ ಮಾಡಿ ಸ್ಟಾರ್ಟ್ ಮಾಡಿದೆ. ಸದ್ದು ಹೋಯ್ತು.

ಕ್ಯಾಲಿಪರ್ ಸರ್, ನಿಮಗೊಂದು ನಮಸ್ಕಾರ.

ಡೀಸೆಲ್ ಮಾವ
ನಾನು ಮೊದ್ಲು ಹೇಳಿದ್ದನ್ನ ಯಾರೂ ನೆನಪು ಮಾಡ್ಬೇಡಿ.

ಪಾನಾ ಪುರಾಣ
ಹಾಗೇ ಬಿಡಬಹುದಲ್ಲ ಈಗ? ಇಲ್ಲಾ ಅಂದ್ರೆ ರಾಕರ್ ಬಿಚ್ಚಿ ಗ್ರೈಂಡರಲ್ಲಿ ಮೂತಿ ಸಪಾಟು ಮಾಡು.

ಕ್ಯಾಲಿಪರ್
ಗ್ರೈಂಡರ್ ಬೇಡ. ಆ ಮೂತಿ ಸಪಾಟಲ್ಲ, ಲೆಕ್ಕ ಹಾಕಿ ಕೊಟ್ಟ ಬಾಗು. ವಾಲ್ವ್ ಕೆಳಗೆ ಹೋಗ್ತಾ ಬರ್ತಾ ಅದು ತುದಿ ಮೇಲೆ ಉರುಳಬೇಕು. ಕೈಯಲ್ಲಿ ಉಜ್ಜಿದ್ರೆ ಅಂಚಲ್ಲಿ ಒತ್ತಿ ವಾಲ್ವ್ ಕಡ್ಡೀನ ಪಕ್ಕಕ್ಕೆ ತಳ್ಳತ್ತೆ, ಗೈಡ್ ಸವೆಯತ್ತೆ. ಜೊತೆಗೆ ಗಟ್ಟಿ ಮಾಡಿರೋದು ಮೇಲಿನ ತೆಳು ಪದರ ಮಾತ್ರ, ಅದು ಹೋದ್ರೆ ಒಳಗಿರೋದು ಮೆತ್ತನೆ ಲೋಹ, ಬೇಗ ಬೇಗ ಸವೆಯತ್ತೆ. ಈಗಾಗ್ಲೇ 0.27 ಸವೆದಿದೆ ಅಂದ್ರೆ ಆ ಪದರದ ಕಥೆ ಏನಾಗಿದ್ಯೋ. ರಾಕರ್ ಬದಲಾಯಿಸೋದೇ ಸರಿ.

ಅದಕ್ಕಿಂತ ದೊಡ್ಡ ಪ್ರಶ್ನೆ, ಹನ್ನೆರಡರಲ್ಲಿ ಇದೊಂದೇ ಯಾಕೆ ಸವೀತು? ಐಡ್ಲಿಂಗಲ್ಲಿ ಆ ಕವರ್ ಒಂದನ್ನೇ ತೆಗೆದು ಎಣ್ಣೆ ಬರತ್ತಾ ನೋಡಿ. ಕವರ್‌ಗಳು ಬೇರೆ ಬೇರೆ ಇರೋ ಲಾಭ ಇದೇ.

ಹನ್ನೆರಡು ವಾಲ್ವ್
ರಾಕರ್ ಬದಲಾಯಿಸೋ ಮುಂಚೆ ಒಂದು ಎಚ್ಚರಿಕೆ. ಈ ಇಂಜಿನ್‌ನಲ್ಲಿ ರಾಕರ್ ಪೆಡೆಸ್ಟಲ್ (ರಾಕರ್ ಕೂರೋ ಪೀಠ) ಹಿಡ್ಕೊಂಡಿರೋ ಎರಡು ಬೋಲ್ಟಲ್ಲಿ ದೊಡ್ಡದು ಹೆಡ್ ಬೋಲ್ಟ್. ಗೊತ್ತಿಲ್ಲದೆ ಆರಕ್ಕೆ ಆರೂ ಬಿಚ್ಚಿ ಆಮೇಲೆ ಹೆಡ್ ಗ್ಯಾಸ್ಕೆಟ್ ಕಳ್ಕೊಂಡವರಿದಾರೆ. ತಣ್ಣಗಿರುವಾಗ, ಅದೊಂದನ್ನ ಮಾತ್ರ ಬಿಚ್ಚಿ. ವಾಪಸ್ ಹಾಕುವಾಗ ಪುಸ್ತಕದಲ್ಲಿರೋ ಹಂತ ಹಂತದ ಟಾರ್ಕು, ಕೊನೇಲಿ ಕೋನ, ಅದರ ಪ್ರಕಾರವೇ. ಅಂದಾಜಿಗೆ ಬಿಗಿ ಮಾಡೋ ಜಾಗ ಅಲ್ಲ ಅದು.

ರಾತ್ರಿ ಪಾಳಿ
ಪುಶ್‌ರಾಡ್ ತೂತಿಗೆ ಬಟ್ಟೆ ತುರುಕಿಯೇ ಕೆಲಸ ಶುರು ಮಾಡಿ. ಲಾಕ್‌ನಟ್ ಒಂದು ಒಳಗೆ ಬಿದ್ರೆ ಅದನ್ನ ಹುಡುಕೋದೇ ಇನ್ನೊಂದು ಭಾನುವಾರ. ಹಳೇ ಪುಶ್‌ರಾಡನ್ನ ಗಾಜಿನ ಮೇಲೆ ಉರುಳಿಸಿ ನೋಡಿ, ಬಗ್ಗಿದ್ರೆ ಕುಣಿಯತ್ತೆ.

ಸುಮ್ನೆ ಓದುಗ
ನಮ್ಮ ಹತ್ರ ಇರೋದು ಇದೇ 5.9, ಆದ್ರೆ 24 ವಾಲ್ವ್. ಅದಕ್ಕೂ ಇದೇ ಅಳತೆನಾ? ಗ್ಯಾಪ್ ವಿಷಯಕ್ಕೆ ಇಷ್ಟೆಲ್ಲ ಕಥೆ ಇದೆ ಅಂತ ಗೊತ್ತಿದ್ರೆ ಮೊದ್ಲೇ ಕವರ್ ಬಿಚ್ಚಿ ನೋಡ್ತಿದ್ದೆ. ಅಲ್ಲ, ಬಿಚ್ತಿರಲಿಲ್ಲ.

ಹನ್ನೆರಡು ವಾಲ್ವ್
ಗ್ಯಾಪ್ ಅದೇ, ಎರಡು ಪೊಸಿಷನ್ ಲೆಕ್ಕವೂ ಅದೇ. ವ್ಯತ್ಯಾಸ ಏನಂದ್ರೆ ಅಲ್ಲಿ ಒಂದು ರಾಕರ್ ಎರಡೆರಡು ವಾಲ್ವ್ ಒತ್ತತ್ತೆ, ಮಧ್ಯೆ ಒಂದು ಸೇತುವೆ ತುಂಡು ಇರತ್ತೆ. ಅಳೆಯೋದು ರಾಕರ್‌ಗೂ ಆ ತುಂಡಿಗೂ ನಡುವೆ. ಅಳೆಯೋ ಮುಂಚೆ ಅದು ಎರಡೂ ವಾಲ್ವ್ ಮೇಲೆ ಸರಿಯಾಗಿ ಕೂತಿದ್ಯಾ ಅಂತ ಬೆರಳಲ್ಲಿ ಒತ್ತಿ ನೋಡು. ಕವರ್ ಆರಿಲ್ಲ, ಒಂದೇ.

ಕ್ಯಾಲಿಪರ್
ಹೇಗೂ ಲೆಕ್ಕದ ಮಾತು ಬಂದಿದೆ ಅಂತ ಒಂದು. 5.9 ಅಂತ ಕರೀತಾರೆ, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, ಆರು ಸಿಲಿಂಡರ್. ಗುಣಿಸಿ ನೋಡಿ, 5.88 ಬರತ್ತೆ.

ಡೀಸೆಲ್ ಮಾವ
ಬಾಕಿ ಇರೋ 0.02 ಲೀಟರ್ ಸೋರಿಕೆ ಅಣ್ಣನ ಅಂಗಳದಲ್ಲಿ ಬಿದ್ದಿರ್ಬೇಕು.

ಆಯಿಲ್ ಸೋರಿಕೆ
😐

ನಾಲ್ಕನೇ ಗೇರ್
ಹತ್ತು ದಿನ ಆದ್ಮೇಲೆ ಬರ್ತಿದೀನಿ.

ಎಣ್ಣೆ ನೋಡಿದೆ. ಐದನೇ ಕವರ್ ತೆಗೆದು ನೋಡಿದ್ರೆ ರಾಕರ್ ಮೇಲೆ ಎಣ್ಣೆ ಜಿನುಗಿ ಹರೀತಿದೆ. ನಾಲ್ಕನೇದ್ರಲ್ಲಿ ಇನ್‌ಲೆಟ್ ಒದ್ದೆ, ಎಕ್ಸಾಸ್ಟ್ ಬರೀ ಮಂಕು. ಬಿಚ್ಚಿದಾಗ ಆ ರಾಕರಿನ ಎಣ್ಣೆ ತೂತಲ್ಲಿ ಒಣಗಿದ ಕಪ್ಪು ಅಂಟು ಕೂತಿತ್ತು, ತಂತಿಯಲ್ಲಿ ಕೆರೆದು ತೆಗೀಬೇಕಾಯ್ತು. ಹಿಂದಿನವರು ಎಣ್ಣೆ ಬದಲಾಯಿಸಿದ್ದು ಯಾವ ಜನ್ಮದಲ್ಲೋ. ಪೆಡೆಸ್ಟಲ್ ದಾರಿ ತೊಳೆದೆ, ಹೊಸ ರಾಕರ್ ಹಾಕಿದೆ. ವಾಲ್ವ್ ತುದಿ ಚೆನ್ನಾಗೇ ಇತ್ತು, ಪುಶ್‌ರಾಡ್ ಗಾಜಿನ ಮೇಲೆ ಕುಣೀಲಿಲ್ಲ. ಹೆಡ್ ಬೋಲ್ಟ್ ಪುಸ್ತಕ ಪಕ್ಕದಲ್ಲಿಟ್ಕೊಂಡೇ ಬಿಗಿ ಮಾಡಿದೆ. ಈಗ ಅಗಲದ ಗೇಜೂ 0.50, ಡಯಲ್ಲೂ 0.50.

ಆಮೇಲೆ ಡಯಲ್ ಕೈಯಲ್ಲಿ ಇತ್ತಲ್ಲ ಅಂತ ಉಳಿದ ಹನ್ನೊಂದೂ ಅಳೆದೆ. ಆರನೇ ಎಕ್ಸಾಸ್ಟಲ್ಲೂ ಡಯಲ್ಲಿಗೂ ಫೀಲರ್ ಗೇಜಿಗೂ 0.08 ವ್ಯತ್ಯಾಸ ಬರ್ತಿದೆ.

ಕ್ಯಾಲಿಪರ್
ಅದನ್ನ ಡಯಲ್ ಪ್ರಕಾರ ಸೆಟ್ ಮಾಡಿ ದಿನಾಂಕ, ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅಳೆದಾಗ 0.08 ಅಲ್ಲೇ ಇದ್ರೆ ತೊಂದರೆ ಇಲ್ಲ. ಬೆಳೆದಿದ್ರೆ ಅದಕ್ಕೂ ರಾಕರ್ ನೋಡ್ಕೊಳ್ಳಿ.

ಗ್ರೀಸ್ ಕೈ
ಪಿನ್ ಎಳದಿ ಹೌದಲ್ಲೋ?

ನಾಲ್ಕನೇ ಗೇರ್
ಎಳೆದಿದೀನಿ ಅಣ್ಣ. ಬಟ್ಟೆನೂ ಬಿಚ್ಚಿದೀನಿ.